ಮಲೆನಾಡಿನ ವಿದ್ಯಾರ್ಥಿಗಳ ಸಮುದ್ರಯಾನವೂ ಸಮಾವರ್ತನವೂ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಕಾಡುಗಳ ನಡುವೆ ಹರಿದು, ಜೋಗದಲ್ಲಿ ೮೩೦ ಅಡಿಗಳಷ್ಟು ಕೆಳಕ್ಕೆ ಧುಮುಕಿ, ಹೊನ್ನಾವರದ ಬಳಿಯಲ್ಲಿ ಪಶ್ಚಿಮ ಸಮುದ್ರವನ್ನು ಸೇರುತ್ತದೆ. ಅಡ್ಡಲಾಗಿ ಕಟ್ಟೆಗಳು ಏಳುವವರೆಗೆ ಈ ಹೊಳೆಯ ನೀರು ಸಮುದ್ರವನ್ನು ಸೇರುವುದಕ್ಕೆ ಯಾರ ಅಪ್ಪಣೆಯನ್ನೂ ಬೇಡಿದುದಿಲ್ಲ. ನೀರಿನಂತೆಯೇ ಇಲ್ಲಿಯ ಮೆಣಸೂ ಅಕ್ಕಿಯೂ ಘಟ್ಟವನ್ನಿಳಿದು, ಬಸರೂರು ಹೊನ್ನಾವರಗಳ ರೇವಿನಿಂದ ಹಡಗನ್ನೇರಿ, ಕಾಣದ ದೇಶಗಳನ್ನು ಮುಟ್ಟುತ್ತಿದ್ದುವು. ಮಂಜಿಲ್ಲದ ದಿನ ಕೊಡಚಾದ್ರಿಯ ಶಿಖರದಲ್ಲಿ ನಿಂತವರಿಗೆ ಸಮುದ್ರದ ರೇಖೆಯು ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ಇಷ್ಟು ಹತ್ತಿರವಾದ ಸಮುದ್ರವು ಈ ಸೀಮೆಯ ವಿದ್ಯಾರ್ಥಿಗಳ ಕಾಲಿಗೆ ಮಾತ್ರ ಬಹುಕಾಲ ದೂರವಾಗಿಯೇ ಉಳಿಯಿತು. ಆ ದೂರವು ಯಾವುದರಿಂದ ಉಂಟಾಯಿತು, ಹೇಗೆ ಕಳೆಯಿತು, ದಾಟಿದವರು ಏನನ್ನು ಒಯ್ದು ಏನನ್ನು ತಂದರು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ವಿದ್ಯೆಗಾಗಿ ಊರು ಬಿಡುವುದು ಮಲೆನಾಡಿಗೆ ಹೊಸದಲ್ಲ. ವೇದ ಶಾಸ್ತ್ರಗಳನ್ನು ಕಲಿಯಬೇಕೆಂಬವರು ಶೃಂಗೇರಿಗೆ ಹೋಗುತ್ತಿದ್ದರು. ಇನ್ನೂ ಧೈರ್ಯವುಳ್ಳವರು ಕಾಶಿಗೆ ಹೋಗುತ್ತಿದ್ದರು. ರೈಲಿಲ್ಲದ ಆ ಕಾಲದಲ್ಲಿ ಕಾಶಿಗೆ ಹೊರಟವನು ಮರಳಿ ಬಂದಾನೆಂಬ ಭರವಸೆ ಮನೆಯವರಿಗೆ ಇರುತ್ತಿರಲಿಲ್ಲ. ಈಗಲೂ ಮದುವೆಯ ಚಪ್ಪರದಲ್ಲಿ ವರನು ಕೊಡೆ ಊರುಗೋಲುಗಳನ್ನು ಹಿಡಿದು ಕಾಶೀಯಾತ್ರೆಗೆ ಹೊರಡುತ್ತಾನೆ; ಹತ್ತು ಹೆಜ್ಜೆ ಹೋಗುವುದರೊಳಗಾಗಿ ಮಾವನು ಬೆಲ್ಲ ತೆಂಗಿನಕಾಯಿಗಳೊಡನೆ ಎದುರುಬಂದು ಅವನನ್ನು ಹಿಂದಕ್ಕೆ ಕರೆತರುತ್ತಾನೆ. ನಗುವಿಗೆ ಕಾರಣವಾದ ಈ ಆಚಾರದಲ್ಲಿ ಒಂದು ಹಳೆಯ ಭಯವೂ ಒಂದು ಹಳೆಯ ಆಸೆಯೂ ಅಡಗಿವೆ.

ಶಾಸ್ತ್ರವು ಆ ಆಸೆಗೆ ಒಂದು ಹೆಸರನ್ನೇ ಕೊಟ್ಟಿದೆ. ಷೋಡಶ ಸಂಸ್ಕಾರಗಳಲ್ಲಿ ವಿದ್ಯಾಭ್ಯಾಸಕ್ಕೆ ಸೇರಿದವುಗಳಲ್ಲಿ ಕೊನೆಯದು ಸಮಾವರ್ತನ. ಗುರುವಿನ ಮನೆಯಲ್ಲಿ ಅಧ್ಯಯನವನ್ನು ಮುಗಿಸಿ, ಸ್ನಾನಮಾಡಿ, ಸ್ನಾತಕನೆನಿಸಿಕೊಂಡು, ಗುರುವಿನ ಅನುಶಾಸನವನ್ನು ಪಡೆದು ಮನೆಗೆ ಬರುವ ಸಂಸ್ಕಾರವದು. ಆ ಶಬ್ದದ ಅರ್ಥವಾದರೂ ಹಿಂತಿರುಗುವಿಕೆ ಎಂದೇ. ಪರೀಕ್ಷೆಯಲ್ಲಿ ತೇರ್ಗಡೆಯಾದುದರಿಂದ ವಿದ್ಯೆ ಮುಗಿಯಿತೆಂದು ಪೂರ್ವಿಕರು ಎಣಿಸಲಿಲ್ಲ. ಕಲಿತವನು ಕಲಿತುದನ್ನು ಹೊತ್ತು ಮರಳಿದಾಗಲೇ ಅದು ಮುಗಿಯಿತೆಂದು ಎಣಿಸಿದರು. ಈ ಒಂದು ಶಬ್ದವನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ ಸಮುದ್ರಯಾನದ ಇತಿಹಾಸವು ಬೇರೆಯಾಗಿಯೇ ಕಾಣುತ್ತದೆ.

ಇಲ್ಲಿಯ ವಿದ್ಯಾರ್ಥಿಗಳು ಪಶ್ಚಿಮಕ್ಕೆ ಹೋಗುವುದಕ್ಕೆ ಬಹು ಹಿಂದೆಯೇ ಪಶ್ಚಿಮದ ಒಬ್ಬ ಜಿಜ್ಞಾಸುವು ಇಲ್ಲಿಗೆ ಬಂದನು. ರೋಮಾಪುರಿಯ ಪಿಯೆತ್ರೊ ದೆಲ್ಲ ವಲ್ಲೆ ಎಂಬವನು ೧೬೨೩ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ, ಕೆಳದಿಯ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದನು. ಈಗಿನ ಸಾಗರ ಪಟ್ಟಣಕ್ಕೆ ಸಮೀಪದ ಇಕ್ಕೇರಿಯೇ ಅದು. ದಾರಿಯಲ್ಲಿ ಒಂದು ದೇವಾಲಯದ ಜಗುಲಿಯಲ್ಲಿ ಅವನು ನಾಲ್ವರು ಬಾಲಕರನ್ನು ಕಂಡನು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಒಬ್ಬನು ರಾಗವಾಗಿ ಲೆಕ್ಕವನ್ನು ಹೇಳುತ್ತ ಬೆರಳಿನಿಂದ ಅಂಕೆಯನ್ನು ಬರೆಯಲು, ಉಳಿದವರು ಅದೇ ರಾಗದಲ್ಲಿ ಹೇಳಿ ಬರೆಯುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುತ್ತಿದ್ದರು. ಉಪಾಧ್ಯಾಯರು ಅಲ್ಲಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಅವನು ಕೇಳಲು, ನಾಲ್ವರೂ ಒಂದೇ ಸಮಯದಲ್ಲಿ ಮರೆಯುವುದು ಸಂಭವಿಸದೆಂದೂ, ಒಬ್ಬರನ್ನೊಬ್ಬರು ತಿದ್ದಿಕೊಳ್ಳುವೆವೆಂದೂ ಬಾಲಕರು ಉತ್ತರ ಹೇಳಿದರು. ಪ್ರವಾಸಿಯು ಈ ಪದ್ಧತಿಯನ್ನು ಬಹಳವಾಗಿ ಮೆಚ್ಚಿ ತನ್ನ ಪತ್ರದಲ್ಲಿ ಬರೆದನು.

ಇಂಥದೇ ಮರಳಿನ ಬರವಣಿಗೆಯು ಮುಂದೆ ಮತ್ತೊಂದು ದಾರಿಯಿಂದ ಸಮುದ್ರವನ್ನು ದಾಟಿತು. ಆಂಡ್ರೂ ಬೆಲ್ ಎಂಬ ಪಾದ್ರಿಯು ೧೭೮೯ರಿಂದ ಮದರಾಸಿನ ಎಗ್ಮೋರಿನಲ್ಲಿದ್ದ ಬಾಲಕರ ಅನಾಥಾಲಯದ ಮೇಲ್ವಿಚಾರಕನಾಗಿದ್ದನು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದು, ಬಲ್ಲ ಹುಡುಗನು ಬಾರದ ಹುಡುಗನಿಗೆ ಕಲಿಸುವ ಏರ್ಪಾಡನ್ನು ಬೆಳೆಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಅಚ್ಚುಮಾಡಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ಮದರಾಸು ಪದ್ಧತಿಯೆಂಬ ಹೆಸರಿನಿಂದ ಹಬ್ಬಿತು. ದಕ್ಷಿಣ ದೇಶದ ವಿದ್ಯಾರ್ಥಿಗಳು ಹಡಗನ್ನೇರುವ ಮೊದಲೇ ಅವರ ಕಲಿಕೆಯ ಕ್ರಮವು ಹಡಗನ್ನೇರಿತ್ತು.

ಹಾಗಾದರೆ ವಿದ್ಯಾರ್ಥಿಯನ್ನು ತಡೆದುದೇನು? ಧರ್ಮಶಾಸ್ತ್ರವು ತಡೆಯಿತೆಂಬುದು ಸಾಮಾನ್ಯವಾದ ಉತ್ತರ. ಆ ಉತ್ತರವು ಪೂರ್ಣವಾದುದಲ್ಲ. ಬೌಧಾಯನ ಧರ್ಮಸೂತ್ರವು ಒಂದೆಡೆ ಸಮುದ್ರಯಾನವನ್ನು ಉತ್ತರದೇಶದವರ ವಿಶೇಷಾಚಾರಗಳಲ್ಲಿ ಒಂದೆಂದು ಎಣಿಸಿ, ಇನ್ನೊಂದೆಡೆ ಅದನ್ನು ಪತನೀಯವೆಂದು ಹೇಳುತ್ತದೆ. ಆದರೆ ಒಡನೆಯೇ ಮೂರು ವರ್ಷಗಳ ಕಠಿಣವಾದ ವ್ರತವನ್ನು ವಿಧಿಸಿ ಅದರಿಂದ ಪಾಪವು ಕಳೆಯುವುದೆಂದೂ ಹೇಳುತ್ತದೆ. ಮನುಸ್ಮೃತಿಯು ಸಮುದ್ರಯಾಯಿಯನ್ನು ಶ್ರಾದ್ಧದ ಪಂಕ್ತಿಯಿಂದ ದೂರವಿಟ್ಟರೂ, ವ್ಯವಹಾರದ ಪ್ರಕರಣದಲ್ಲಿ ಸಮುದ್ರಯಾನಕುಶಲರಾದವರು ಗೊತ್ತುಮಾಡಿದ ಬಡ್ಡಿಯ ದರವನ್ನು ಪ್ರಮಾಣವೆಂದು ಒಪ್ಪುತ್ತದೆ. ಬಾಗಿಲು ಪೂರ್ಣವಾಗಿ ಮುಚ್ಚಿದುದು ತರುವಾಯದ ಕಲಿವರ್ಜ್ಯ ಪ್ರಕರಣಗಳಲ್ಲಿ. ನೌಕೆಯಲ್ಲಿ ಸಮುದ್ರವನ್ನು ದಾಟಿದ ದ್ವಿಜನು ಪ್ರಾಯಶ್ಚಿತ್ತದಿಂದ ಶುದ್ಧನಾದರೂ ಅವನೊಡನೆ ಸಂಸರ್ಗವು ಕಲಿಯುಗದಲ್ಲಿ ಕೂಡದೆಂದು ಅಲ್ಲಿ ವಿಧಿಸಲಾಯಿತು. ಇಲ್ಲಿ ಸೂಕ್ಷ್ಮವಾಗಿ ಗಮನಿಸತಕ್ಕ ಅಂಶವೊಂದುಂಟು. ಹೊರಟವನಿಗೆ ಕೊನೆಗೆ ನಿರಾಕರಿಸಲ್ಪಟ್ಟುದು ಹಡಗಲ್ಲ, ಮನೆ, ಸಮುದ್ರವಲ್ಲ, ಪಂಕ್ತಿ. ವಿದ್ಯೆಗೆ ಸಮಾವರ್ತನವೇ ಕೊನೆಯೆಂದು ಹೇಳಿದ ಸಮಾಜವೇ ಒಂದು ಬಗೆಯ ವಿದ್ಯಾರ್ಥಿಗೆ ಸಮಾವರ್ತನವಿಲ್ಲವೆಂದು ಹೇಳಿತು.

ಇದರ ನೋವನ್ನು ೧೯ನೆಯ ಶತಮಾನದ ಕೊನೆಯವರು ಚೆನ್ನಾಗಿ ಉಂಡರು. ೧೮೬೯ರಲ್ಲಿ ಸುಯೆಜ್ ಕಾಲುವೆಯು ತೆರೆದು ವಿಲಾಯಿತಿಯ ದಾರಿಯು ಕೆಲವೇ ವಾರಗಳದಾಯಿತು. ಶಾಸ್ತ್ರದ ದಾರಿಯು ಅಷ್ಟು ಬೇಗ ಕಿರಿದಾಗಲಿಲ್ಲ. ಶರಾವತಿಯು ಸಮುದ್ರವನ್ನು ಸೇರುವ ಹೊನ್ನಾವರದಲ್ಲಿ ೧೮೫೫ರಲ್ಲಿ ಹುಟ್ಟಿದ ನಾರಾಯಣ ಚಂದಾವರಕರರು ೧೮೮೫ರಲ್ಲಿ ಭಾರತೀಯರ ಪರವಾಗಿ ಮಾತನಾಡುವುದಕ್ಕೆ ಇಂಗ್ಲೆಂಡಿಗೆ ಹೋಗಿಬಂದರು. ಆ ಕಾಲದಲ್ಲಿಯೂ ಅದರ ಮುಂದಿನ ದಶಕಗಳಲ್ಲಿಯೂ ಕರಾವಳಿಯ ಸಾರಸ್ವತ ಸಮಾಜದಲ್ಲಿ ವಿಲಾಯಿತಿಗೆ ಹೋಗಿಬಂದವರೊಡನೆ ಊಟ ಉಪಚಾರಗಳನ್ನು ಇಟ್ಟುಕೊಳ್ಳಬಹುದೇ ಎಂಬ ವಾದವು ಮನೆಮನೆಗಳನ್ನು ಇಬ್ಭಾಗಮಾಡಿತು. ೧೮೮೮ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯಿಂದ ಹೊರಟ ಮೋಹನದಾಸ ಗಾಂಧಿಯವರು ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟೆನೆಂದು ತಾಯಿಗೆ ಮಾತುಕೊಟ್ಟು ಹೊರಟರು. ಜಾತಿಯವರು ಅವರನ್ನು ಹೊರಗೆ ಹಾಕಿದರು. ೧೮೯೧ರಲ್ಲಿ ಮರಳಿದಾಗ ಅವರ ಅಣ್ಣನು ಅವರನ್ನು ನಾಸಿಕದ ತೀರ್ಥದಲ್ಲಿ ಮೀಯಿಸಿ ಕರೆದುಕೊಂಡು ಹೋಗಬೇಕಾಯಿತು. ಗಣಿತಜ್ಞರಾದ ರಾಮಾನುಜನ್ನರು ೧೯೧೪ರ ಮಾರ್ಚ್ ೧೭ರಂದು ಮದರಾಸಿನಿಂದ ಕೇಂಬ್ರಿಜ್ಜಿಗೆ ಹೊರಡುವ ಮುನ್ನ ಜುಟ್ಟನ್ನು ತೆಗೆಸಿಕೊಳ್ಳಬೇಕಾಯಿತು. ಪರದೇಶದ ಉಡುಪಿಗೂ ಊಟದ ರೀತಿಗೂ ಅಭ್ಯಾಸಮಾಡಿಕೊಳ್ಳಬೇಕಾಯಿತು. ಆ ದಿನಗಳ ಪ್ರಯಾಣಸಿದ್ಧತೆಯಲ್ಲಿ ಪೆಟ್ಟಿಗೆ ಕಟ್ಟುವುದು ಎಲ್ಲಕ್ಕಿಂತ ಸುಲಭವಾದ ಕೆಲಸವಾಗಿತ್ತು.

ಸಾಗರ ಹೊಸನಗರ ತೀರ್ಥಹಳ್ಳಿಗಳವರಿಗಾದರೋ ಈ ಪ್ರಶ್ನೆಯು ಇನ್ನೂ ತಡವಾಗಿ ಬಂದಿತು. ಅದಕ್ಕೆ ಶಾಸ್ತ್ರಕ್ಕಿಂತ ನೆಲವೇ ಹೆಚ್ಚಿನ ಕಾರಣ. ಮಳೆಗಾಲದ ನಾಲ್ಕು ತಿಂಗಳು ಹೊಳೆ ದಾಟುವುದೇ ದುಸ್ತರ, ಚಳಿಜ್ವರದ ಹಾವಳಿ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು. ಬೀರೂರಿನಿಂದ ರೈಲು ಶಿವಮೊಗ್ಗೆಗೆ ಬಂದುದು ೧೮೯೯ರಲ್ಲಿ; ಅಲ್ಲಿಂದ ಸಾಗರದ ದಿಕ್ಕಿಗೆ ಅದು ಬೆಳೆದುದು ೧೯೩೦ರ ತರುವಾಯ. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾದರೂ ಮಲೆನಾಡಿನ ಹುಡುಗನು ಮೇಲಿನ ವಿದ್ಯೆಗಾಗಿ ಶಿವಮೊಗ್ಗೆಯನ್ನೂ ದಾಟಿ ಹೋಗಬೇಕಾಗಿದ್ದಿತು. ಅಂಥವನಿಗೆ ಮೈಸೂರೇ ಪರದೇಶ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಿಂದ ಮೈಸೂರಿಗೆ ಹೋದ ಪುಟ್ಟಪ್ಪನವರ ಕಥೆಯು ಈ ಸಂದರ್ಭದಲ್ಲಿ ಸ್ಮರಣೀಯವಾದುದು. ವಿದ್ಯಾರ್ಥಿದಶೆಯಲ್ಲಿ ಅವರು ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. ೧೯೨೪ರಲ್ಲಿ ಮೈಸೂರಿಗೆ ಬಂದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಅವುಗಳನ್ನು ನೋಡಿ, ನಿಮ್ಮ ತಾಯಿನುಡಿಯಲ್ಲಿ ಏಕೆ ಬರೆಯಬಾರದು ಎಂಬರ್ಥದ ಮಾತನ್ನು ಕೇಳಿದರು. ಪುಟ್ಟಪ್ಪನವರು ಕನ್ನಡಕ್ಕೆ ತಿರುಗಿದರು. ಮುಂದಿನದು ನಾಡಿಗೆ ತಿಳಿದ ವಿಷಯ. ಪರದೇಶದವನೊಬ್ಬನು ಮಲೆನಾಡಿನ ಹುಡುಗನಿಗೆ ಅವನ ಮನೆಯ ದಾರಿಯನ್ನು ತೋರಿಸಿದನು. ನಾಲ್ಕು ದಶಕಗಳ ಮೇಲೆ ಇದೇ ತಾಲ್ಲೂಕಿನ ಇನ್ನೊಬ್ಬ ಹುಡುಗನ ವಿಷಯದಲ್ಲಿ ಇಂಥದೇ ಸಂಗತಿಯು ನಡೆಯಿತೆಂಬುದನ್ನು ಮುಂದೆ ಕಾಣಬಹುದು.

ಅಷ್ಟರಲ್ಲಿ ಕನ್ನಡನಾಡಿನ ಇತರ ಭಾಗಗಳಿಂದ ವಿದ್ಯಾರ್ಥಿಗಳು ಸಮುದ್ರವನ್ನು ದಾಟತೊಡಗಿದ್ದರು. ಸವಣೂರಿನಲ್ಲಿ ಹುಟ್ಟಿ ಆ ವೇಳೆಗಾಗಲೇ ಅಧ್ಯಾಪಕರಾಗಿದ್ದ ವಿನಾಯಕ ಕೃಷ್ಣ ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆಯನ್ನು ಪಡೆದು, ೧೯೩೮ರಲ್ಲಿ ಮರಳಿದರು. ಆ ಪ್ರಯಾಣದಿಂದ ಕನ್ನಡಕ್ಕೆ ಪ್ರವಾಸಗ್ರಂಥವೊಂದೂ ಸಮುದ್ರವನ್ನು ಕುರಿತ ಗೀತಗಳೂ ದೊರೆತುವು. ಪತನಕ್ಕೆ ಕಾರಣವೆಂದು ಹೇಳಲ್ಪಟ್ಟಿದ್ದ ಸಮುದ್ರವು ಹೀಗೆ ಕಾವ್ಯಕ್ಕೆ ವಸ್ತುವಾಯಿತು. ಹೆಣ್ಣುಮಕ್ಕಳಲ್ಲಿ ರಾಜೇಶ್ವರಿ ಚಟರ್ಜಿಯವರ ಹೆಸರನ್ನು ಹೇಳಬೇಕು. ಮೈಸೂರು ಸೀಮೆಯಲ್ಲಿ ಬೆಳೆದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ಸರಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ, ೧೯೪೭ರಲ್ಲಿ, ಯುದ್ಧಕಾಲದಲ್ಲಿ ಸಿಪಾಯಿಗಳನ್ನು ಸಾಗಿಸುತ್ತಿದ್ದ ಹಡಗೊಂದರಲ್ಲಿ ಒಂದು ತಿಂಗಳು ಪ್ರಯಾಣಮಾಡಿ ಅಮೆರಿಕೆಯನ್ನು ಸೇರಿದರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ವಿದ್ಯೆಯನ್ನು ಕಲಿತು, ೧೯೫೩ರಲ್ಲಿ ಡಾಕ್ಟರೇಟ್ ಪದವಿಯೊಡನೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಆ ವೇಳೆಗೆ ಹೊರಡುವವರ ಸಿದ್ಧತೆಯ ಸ್ವರೂಪವೇ ಬದಲಾಗಿದ್ದಿತು. ಪ್ರಾಯಶ್ಚಿತ್ತದ ಚರ್ಚೆಯಿದ್ದೆಡೆಯಲ್ಲಿ ಈಗ ವಿದ್ಯಾರ್ಥಿವೇತನದ ಅರ್ಜಿಯಿತ್ತು. ೧೯೫೦ರಲ್ಲಿ ಅಮೆರಿಕೆಯೊಡನೆ ಫುಲ್‌ಬ್ರೈಟ್ ಒಪ್ಪಂದವಾಯಿತು. ೧೯೫೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಸಮ್ಮೇಳನದಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಯೋಜನೆಯು ಸಿದ್ಧವಾಯಿತು. ಸ್ವಂತ ಹಣವಿಲ್ಲದ ಮಲೆನಾಡಿನ ಮನೆಗಳ ಮಕ್ಕಳಿಗೂ ಇಂಥ ವೇತನಗಳಿಂದ ದಾರಿ ತೆರೆಯಿತು.

ಈ ಸೀಮೆಯಿಂದ ಹಾಗೆ ಹೋದವರಲ್ಲಿ ಮೂವರನ್ನು ಇಲ್ಲಿ ಹೇಳಿದರೆ ಸಾಕು. ಮೊದಲನೆಯವರು ಹಾರೋಗದ್ದೆ ಮಾನಪ್ಪ ನಾಯಕರು. ೧೯೩೧ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಓದಿ, ಮುಂದೆ ಅಮೆರಿಕೆಯ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರವನ್ನು ಅಭ್ಯಾಸಮಾಡಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅಷ್ಟು ದೂರ ಹೋಗಿ ಅವರು ಸಂಶೋಧಿಸಿದುದು ಕನ್ನಡದ ಗ್ರಾಂಥಿಕ ರೂಪಕ್ಕೂ ಆಡುಮಾತಿನ ರೂಪಕ್ಕೂ ಇರುವ ಭೇದವನ್ನು. ಮನೆಯಲ್ಲಿ ಒಂದು ಕನ್ನಡವನ್ನಾಡಿ ಶಾಲೆಯಲ್ಲಿ ಇನ್ನೊಂದು ಕನ್ನಡವನ್ನೋದುವ ಕಷ್ಟವು ಮಲೆನಾಡಿನ ಪ್ರತಿಯೊಬ್ಬ ಬಾಲಕನಿಗೂ ತಿಳಿದುದೇ. ತಿಳಿದ ಕಷ್ಟವನ್ನು ಶಾಸ್ತ್ರವಾಗಿ ನೋಡುವ ಕಣ್ಣು ಅವರಿಗೆ ಅಲ್ಲಿ ದೊರೆಯಿತು. ಅವರ ಪ್ರಬಂಧವು ೧೯೬೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಮರಳಿ ಬಂದ ನಾಯಕರು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿಯೂ ಗುಲ್ಬರ್ಗ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿಯೂ ಕೆಲಸಮಾಡಿ, ಪತ್ರಿಕೆಗಳಲ್ಲಿ ಅಂಕಣಗಳನ್ನು ಬರೆದು, ಕಲಿತುದನ್ನು ಮನೆಮನೆಗೆ ಮುಟ್ಟಿಸಿದರು.

ಎರಡನೆಯವರು ಯು. ಆರ್. ಅನಂತಮೂರ್ತಿಯವರು. ೧೯೩೨ರ ಡಿಸೆಂಬರ್ ೨೧ರಂದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅವರ ವಿದ್ಯಾಭ್ಯಾಸವು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಮೊದಲಾಗಿ, ತೀರ್ಥಹಳ್ಳಿಯಲ್ಲಿಯೂ ಮೈಸೂರಿನಲ್ಲಿಯೂ ಮುಂದುವರಿಯಿತು. ೧೯೬೩ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವನ್ನು ಪಡೆದು ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಅವರ ಗುರುಗಳಾಗಿದ್ದವರು ಕಾದಂಬರಿಕಾರ ಮಾಲ್ಕಂ ಬ್ರಾಡ್ಬರಿಯವರು. ಒಂದು ದಿನ ಗುರುಶಿಷ್ಯರಿಬ್ಬರೂ ಸ್ವೀಡನ್ನಿನ ಇಂಗ್‌ಮಾರ್ ಬರ್ಗ್‌ಮನ್ನನ ಚಲಚ್ಚಿತ್ರವೊಂದನ್ನು ನೋಡಿದರು. ಪ್ಲೇಗಿನಿಂದ ತತ್ತರಿಸಿದ ಮಧ್ಯಯುಗದ ಯುರೋಪಿನಲ್ಲಿ ಶ್ರದ್ಧೆಯ ಸಂಕಟವನ್ನು ಅನುಭವಿಸುವ ವೀರನೊಬ್ಬನ ಕಥೆಯದು. ಭಾಷೆ ತಿಳಿಯದಿದ್ದರೂ ಅನಂತಮೂರ್ತಿಯವರಿಗೆ ಕಥೆಯ ಒಳಗು ತಿಳಿಯಿತು. ಯುರೋಪಿನವರು ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು. ತನ್ನ ದೇಶದವನಿಗಾದರೋ ಅದು ಮನೆಯೊಳಗೇ ಇನ್ನೂ ಜೀವಂತವಾಗಿದೆ ಎಂಬರ್ಥದ ಮಾತನ್ನು ಅವರು ಗುರುಗಳಿಗೆ ಹೇಳಿದರು. ಹಾಗಾದರೆ ಅದನ್ನೇ ಬರೆಯಿರೆಂದು ಗುರುಗಳು ಪ್ರೇರೇಪಿಸಿದರು. ಹೀಗೆ ಬರ್ಮಿಂಗ್‌ಹ್ಯಾಮಿನಲ್ಲಿ ಬರೆಯಲ್ಪಟ್ಟ ‘ಸಂಸ್ಕಾರ’ವು ೧೯೬೫ರಲ್ಲಿ ಪ್ರಕಟವಾಯಿತು.

ಆ ಕಾದಂಬರಿಯ ಅಗ್ರಹಾರಕ್ಕೆ ದೂರ್ವಾಸಪುರವೆಂದೇ ಹೆಸರು. ಅಲ್ಲಿಯೂ ಪ್ಲೇಗು ಬಂದಿದೆ. ಆಚಾರವನ್ನು ಮುರಿದ ನಾರಣಪ್ಪನು ಸತ್ತಿದ್ದಾನೆ. ಅವನು ತಮ್ಮವನೋ ಅಲ್ಲವೋ, ಅವನ ಸಂಸ್ಕಾರವನ್ನು ಯಾರು ಮಾಡಬೇಕು ಎಂಬುದು ತೀರದ ಪ್ರಶ್ನೆಯಾಗಿದೆ. ಕಾಶಿಯಲ್ಲಿ ಓದಿಬಂದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರವನ್ನು ಹುಡುಕಿ ಕಾಣದೆ, ತಾವೇ ಮನೆಬಿಟ್ಟು ಅಲೆದು, ಕೊನೆಗೆ ಅಗ್ರಹಾರದ ಕಡೆಗೆ ಮರಳುವ ದಾರಿಯಲ್ಲಿರುವಾಗ ಕಥೆಯು ನಿಲ್ಲುತ್ತದೆ. ಸ್ವೀಕಾರ ಬಹಿಷ್ಕಾರಗಳನ್ನು ಕುರಿತು ಕಲಿವರ್ಜ್ಯದವರು ಎತ್ತಿದ ಹಳೆಯ ಪ್ರಶ್ನೆಯನ್ನೇ ಸಮುದ್ರವನ್ನು ದಾಟಿ ಓದಲು ಹೋದ ವಿದ್ಯಾರ್ಥಿಯು ಮತ್ತೆ ಎತ್ತಿದನು. ಈ ಕೃತಿಯ ವಿಷಯದಲ್ಲಿ ಅನೇಕ ಮನೆಗಳಲ್ಲಿ ಅಸಮಾಧಾನವೂ ಉಂಟಾಯಿತು. ಆದರೆ ಊರಿನಲ್ಲಿ ಕುಳಿತಾಗ ಕಾಣದ ಊರು ದೂರದಿಂದ ಕಂಡಿತೆಂಬುದನ್ನು ಒಪ್ಪದವರೂ ಅಲ್ಲಗಳೆಯಲಾರರು. ೧೯೬೬ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದ ಅನಂತಮೂರ್ತಿಯವರು ಮರಳಿ ಮೈಸೂರಿನಲ್ಲಿ ಅಧ್ಯಾಪನವನ್ನು ಮುಂದುವರಿಸಿದರು. ೧೯೯೪ರಲ್ಲಿ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಿತು. ೨೦೧೪ರಲ್ಲಿ ಅವರು ಕಾಲವಾದರು.

ಮೂರನೆಯ ನಿದರ್ಶನವು ಸಾಗರ ತಾಲ್ಲೂಕಿನದು. ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಉದ್ಯೋಗವನ್ನರಸದೆ ತಮ್ಮ ಅಡಕೆ ತೋಟಕ್ಕೆ ಮರಳಿದವರು. ೧೯೪೯ರಲ್ಲಿ ಮೊದಲಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಅವರು ಲೋಕವೇ ಗುರುತಿಸುವಂತೆ ಬೆಳೆಸಿದರು. ೧೯೯೧ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು. ಅವರ ಮಗ ಕೆ. ವಿ. ಅಕ್ಷರರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೂ ತರುವಾಯ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿಯೂ ರಂಗವಿದ್ಯೆಯನ್ನು ಕಲಿತು ಹೆಗ್ಗೋಡಿಗೇ ಮರಳಿದರು. ಲೀಡ್ಸಿನಿಂದ ಹೆಗ್ಗೋಡಿಗೆ ಬರುವುದು ಲೌಕಿಕರ ದೃಷ್ಟಿಗೆ ಇಳಿಯುವಿಕೆಯಂತೆ ತೋರಬಹುದು. ಆದರೆ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರವು ೧೯೮೦ರಿಂದ ನಡೆಯುತ್ತಿದ್ದುದರಿಂದಲೂ, ೧೯೮೫ರಿಂದ ತಿರುಗಾಟದ ತಂಡವು ಊರೂರಿಗೆ ನಾಟಕಗಳನ್ನು ಒಯ್ಯುತ್ತಿದ್ದುದರಿಂದಲೂ, ಮರಳಿ ಬಂದವರಿಗೆ ಮಾಡುವುದಕ್ಕೆ ಕೆಲಸವು ಕಾದಿದ್ದಿತು. ಇದು ಮುಖ್ಯವಾ­ದ ಅಂಶ. ಬಾಗಿಲು ತೆರೆದಿದ್ದರೆ ಮಾತ್ರ ಸಾಲದು. ಒಳಗೆ ಕೆಲಸವೂ ಇರಬೇಕು.

ಈ ಮೂವರಲ್ಲಿ ಸಮಾನವಾದ ಸಂಗತಿಯೊಂದುಂಟು. ಹೊರಡುವಾಗ ಇವರ ಬಳಿಯಲ್ಲಿ ಊರಿನ ಬುತ್ತಿಯು ಗಟ್ಟಿಯಾಗಿದ್ದಿತು. ಒಬ್ಬರಲ್ಲಿ ಆಡುಮಾತು, ಒಬ್ಬರಲ್ಲಿ ಪಾಠಶಾಲೆಯೂ ಅಗ್ರಹಾರದ ನೆನಪೂ, ಒಬ್ಬರಲ್ಲಿ ಊರಿನ ರಂಗಸ್ಥಳ. ಪರದೇಶದ ವಿದ್ಯೆಯು ಆ ಬುತ್ತಿಯ ಮೇಲೆ ಕೆಲಸಮಾಡಿತು. ಬುತ್ತಿಯಿಲ್ಲದೆ ಹೋದವನು ಅಲ್ಲಿಯ ಅನ್ನವನ್ನು ಉಂಡು ಬರಬಹುದು, ಅಷ್ಟೇ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸಬೇಕು. ಹೋದವರೆಲ್ಲರೂ ಮರಳಲೇಬೇಕೆ? ಮರಳದವರು ಋಣವನ್ನು ತೀರಿಸದವರೇ? ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು ೧೯೫೯ರಲ್ಲಿ ಅಮೆರಿಕೆಗೆ ಹೋಗಿ, ಅದೇ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಓದಿ, ಷಿಕಾಗೋವಿನಲ್ಲಿ ಅಧ್ಯಾಪಕರಾಗಿ ನಿಂತು, ೧೯೯೩ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ೧೯೭೩ರಲ್ಲಿ ವಚನಗಳನ್ನೂ ೧೯೭೬ರಲ್ಲಿ ‘ಸಂಸ್ಕಾರ’ವನ್ನೂ ಇಂಗ್ಲಿಷಿನಲ್ಲಿ ಲೋಕದ ಕೈಗೆ ಇತ್ತವರು ಅವರೇ. ಮೇಳಿಗೆಯವರು ಬರ್ಮಿಂಗ್‌ಹ್ಯಾಮಿನಲ್ಲಿ ಬರೆದುದನ್ನು ಮೈಸೂರಿನವರು ಷಿಕಾಗೋವಿನಲ್ಲಿ ಲೋಕಕ್ಕೆ ಒಪ್ಪಿಸಿದರು. ದೇಹವು ಮರಳದಿದ್ದರೂ ಕೃತಿಯು ಕನ್ನಡದ ಕಡೆಗೆ ಮುಖಮಾಡಿದ್ದಿತು. ಆದುದರಿಂದ ಸಮಾವರ್ತನವೆಂಬುದನ್ನು ಕಾಲಿನಿಂದ ಮಾತ್ರ ಅಳೆಯಲಾಗದು. ಊರಿಗೆ ಬಂದೂ ಊರನ್ನು ಹಳಿಯುತ್ತ ಕುಳಿತವನು ಮರಳಿದವನಲ್ಲ. ದೂರದಲ್ಲಿದ್ದೂ ಊರಿನ ಕೆಲಸವನ್ನು ಮಾಡುವವನು ಬಿಟ್ಟುಹೋದವನಲ್ಲ.

ಇಂದಿನ ಸ್ಥಿತಿಯನ್ನು ಈ ಇತಿಹಾಸದ ಬೆಳಕಿನಲ್ಲಿ ನೋಡಬಹುದು. ಈಗ ಸಾಗರ ತೀರ್ಥಹಳ್ಳಿಗಳಲ್ಲಿ ಹಳೆಯ ಕಾಲೇಜುಗಳಿವೆ, ಹೊಸನಗರದಲ್ಲಿಯೂ ಕಾಲೇಜುಂಟು, ೧೯೮೭ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು, ೨೦೨೩ರಲ್ಲಿ ಶಿವಮೊಗ್ಗೆಗೆ ವಿಮಾನವೂ ಬಂದಿತು. ಹೊರಡುವ ಹುಡುಗ ಹುಡುಗಿಯರನ್ನು ಪಂಕ್ತಿಯಿಂದ ಎಬ್ಬಿಸುವವರು ಯಾರೂ ಇಲ್ಲ. ಬದಲಾಗಿ ನೆಂಟರಿಷ್ಟರನ್ನು ಕರೆದು ಊಟವಿಕ್ಕಿ ಕಳುಹುತ್ತಾರೆ. ಪಾಸ್‌ಪೋರ್ಟು, ವೀಸಾ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನ ಸಾಲ ಎಂಬುವು ಈಗಿನ ಸಿದ್ಧತೆಯ ಮುಖ್ಯಾಂಗಗಳು. ಅಜ್ಜಿಯು ಕಟ್ಟಿಕೊಡುವ ಉಪ್ಪಿನಕಾಯಿಯ ಜಾಡಿಯನ್ನು ತೂಕಮಾಡಿ ಒಳಗೆ ಬಿಡುವುದೋ ಇಲ್ಲವೋ ಎಂದು ಚರ್ಚಿಸುವುದೇ ಹಳೆಯ ಪ್ರಾಯಶ್ಚಿತ್ತದ ಚರ್ಚೆಯಲ್ಲಿ ಉಳಿದ ಭಾಗ.

ಆದರೆ ಹಳೆಯ ಪ್ರಶ್ನೆಯು ಅಳಿಯಲಿಲ್ಲ; ಅದು ಮಗ್ಗುಲನ್ನು ಬದಲಾಯಿಸಿತು. ಹಿಂದೆ ಮರಳಲು ಬಯಸಿದವನನ್ನು ಮನೆಯು ಒಲ್ಲೆನೆಂದಿತು. ಈಗ ಮನೆಯು ಕಾಯುತ್ತಿದೆ, ಮರಳುವವನು ಅಪರೂಪ. ತೋಟದ ಆಧಾರದ ಮೇಲೆ ತಂದ ಸಾಲವನ್ನು ತೀರಿಸುವಷ್ಟರಲ್ಲಿ ಹೋದವನು ಅಲ್ಲಿಯವನೇ ಆಗಿರುತ್ತಾನೆ. ಇತ್ತ ಅಡಕೆಗೆ ಎಲೆಚುಕ್ಕಿ ರೋಗವು ತಗಲಿ, ಕೊನೆ ತೆಗೆಯುವವರು ದೊರೆಯದೆ, ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಸಂಜೆಯ ದೀಪವನ್ನು ಹಚ್ಚುವುದು ಈ ಸೀಮೆಯಲ್ಲಿ ಅಪೂರ್ವವಾದ ನೋಟವಲ್ಲ. ಇದಕ್ಕಾಗಿ ಮಕ್ಕಳನ್ನು ನಿಂದಿಸಿ ಫಲವಿಲ್ಲ. ತೋಟದ ಕೆಲಸವು ಹೀನವೆಂದೂ, ಹೊರಗೆ ಹೋದವನೇ ಗೆದ್ದವನೆಂದೂ ಅವರಿಗೆ ಬಾಲ್ಯದಿಂದ ಹೇಳಿದವರು ಹಿರಿಯರೇ. ಬಲಾತ್ಕಾರದಿಂದ ಕರೆತರುವುದೂ ಸಮಾವರ್ತನವಲ್ಲ.

ಇತಿಹಾಸವು ತೋರಿಸುವ ಮಾರ್ಗವು ಬೇರೆ. ಕಳುಹುವ ಮನೆಯವರು ಪರದೇಶದ ಪರೀಕ್ಷೆಗಾಗಿ ಇಂಗ್ಲಿಷನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಕನ್ನಡವನ್ನು ಓದಲು ಬರೆಯಲು ಕಲಿಸಬೇಕು; ಇಕ್ಕೇರಿ ಎಲ್ಲಿದೆ, ನಗರದ ಕೋಟೆಯು ಯಾರದು, ಶರಾವತಿಯ ಮುಳುಗಡೆಯಲ್ಲಿ ಯಾರ ಮನೆಗಳು ಹೋದುವು ಎಂಬುದು ಹೊರಡುವವನಿಗೆ ತಿಳಿದಿರಬೇಕು. ಸಾಲವು ಮರಳುವ ದಾರಿಯನ್ನೇ ಮುಚ್ಚುವಷ್ಟು ಭಾರವಾಗದಂತೆ ಲೆಕ್ಕಮಾಡಬೇಕು. ಪರದೇಶದಲ್ಲಿ ನೆಲೆ ದೊರೆಯದೆ ಬರಿಗೈಯಲ್ಲಿ ಬಂದವನನ್ನು ಸೋತು ಬಂದನೆಂದು ಆಡಿಕೊಳ್ಳುವ ಈಗಿನ ನಾಲಗೆಯು ಹಿಂದಿನ ಬಹಿಷ್ಕಾರಕ್ಕಿಂತ ಕಡಿಮೆ ಕ್ರೂರವಾದುದಲ್ಲವೆಂಬುದನ್ನು ಊರಿನವರು ನೆನೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆಗ್ಗೋಡಿನಲ್ಲಿ ಇದ್ದಂತೆ, ಬಂದವನಿಗೆ ಮಾಡತಕ್ಕ ಕೆಲಸವೊಂದು ಪ್ರತಿಯೊಂದು ಊರಿನಲ್ಲಿಯೂ ಸಿದ್ಧವಾಗಿರಬೇಕು. ಅದು ಶಾಲೆಯಾಗಬಹುದು, ತೋಟವಾಗಬಹುದು, ಆಸ್ಪತ್ರೆಯಾಗಬಹುದು, ಒಂದು ಪುಸ್ತಕಭಂಡಾರವೇ ಆಗಬಹುದು.

ನಾಲ್ಕು ನೂರು ವರ್ಷಗಳ ಹಿಂದೆ ಗುಡಿಯ ಜಗುಲಿಯ ಬಾಲಕರು ರೋಮಾಪುರಿಯ ಪ್ರವಾಸಿಗೆ ಹೇಳಿದ ಉತ್ತರದಲ್ಲಿ ಒಂದು ಧೈರ್ಯವಿದ್ದಿತು: ಎಲ್ಲರೂ ಒಟ್ಟಿಗೆ ಮರೆಯುವುದಿಲ್ಲವೆಂಬ ಧೈರ್ಯ. ಒಬ್ಬನು ದೂರದೇಶದಲ್ಲಿ ಮರೆತರೆ ಇನ್ನೊಬ್ಬನು ಊರಿನಲ್ಲಿದ್ದು ನೆನಪಿಸಬೇಕು. ಊರಿನವನು ಮರೆತುದನ್ನು ದೂರದಲ್ಲಿರುವವನು ತಿದ್ದಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಕ್ಕಳು ಹೋಗಲಿ. ಹೋಗುವವರೊಡನೆ ಈ ಕರಾರು ಒಂದಿರಲಿ.